ಏಳನೆಯ ಲೇಖನದ ಖಾಲಿ ಜಾಗ

ಬಯಾನ್ ಲೆಪಾಸ್, ಪೆನಾಂಗ್
11 ಫೆಬ್ರವರಿ 2024

ಪೂಜ್ಯ ದಾಮೋದರ ಸರ್ ಅವರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಶರಣ್ಯಾಳ ನಮಸ್ಕಾರ. ರಾಜ್ಯಶಾಸ್ತ್ರದ ತರಗತಿಯಲ್ಲಿ ಕಿಟಕಿ ಪಕ್ಕ ಕೂತು ನಿಮ್ಮೊಡನೆ ವಾದಕ್ಕೆ ಬೀಳುತ್ತಿದ್ದೆನಲ್ಲ, ಅವಳೇ. ಮೆಸೇಜು ಮಾಡಿದರೆ ನೀವು ಉತ್ತರಿಸುವುದಿಲ್ಲವೆಂದು ಗೊತ್ತು. "ಯೋಚನೆ ಇದ್ದರೆ ಕಾಗದ ಬರೆ, ಇಲ್ಲದಿದ್ದರೆ ಸುಮ್ಮನಿರು" ಎಂದು ಆಗಲೇ ಹೇಳಿದ್ದಿರಿ. ಇಲ್ಲಿಯ ಅಂಚೆ ಕಚೇರಿಯ ಹುಡುಗಿ ದಾವಣಗೆರೆ ಎಂಬ ವಿಳಾಸವನ್ನು ಎರಡು ಸಲ ಓದಿ, ಮುಟ್ಟಲು ಎರಡು ಮೂರು ವಾರ ಹಿಡಿಯಬಹುದು ಎಂದಳು. ನನಗೇನೂ ಅವಸರವಿಲ್ಲ. ಇಲ್ಲಿ ನನ್ನ ಹತ್ತಿರ ಹೇರಳವಾಗಿರುವುದು ಹೊತ್ತು ಒಂದೇ.

ನನ್ನ ಗಂಡ ಪ್ರಶಾಂತ್ ಮಲೇಷಿಯಾದ ಈ ದ್ವೀಪದ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ವೀಸಾದ ಬಾಲಕ್ಕೆ ಕಟ್ಟಿದ ವೀಸಾ ನನ್ನದು. ಅದರಲ್ಲಿ ಇರಬಹುದು, ಉಣ್ಣಬಹುದು, ಕೆಲಸ ಮಾಡುವಂತಿಲ್ಲ. ಅವರು ಶಿಫ್ಟ್ ಮುಗಿಸಿ ಬರುವಾಗ ಮಾಮಕ್ ಎಂಬ ತಮಿಳು ಮುಸ್ಲಿಮರ ಅಂಗಡಿಯಿಂದ ರೊಟ್ಟಿ ತಪೌ, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು ತಿಂದು ಮಲಗುತ್ತಾರೆ. ಮಗಳು ಇಂಚರಳಿಗೆ ಹನ್ನೆರಡು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಇವತ್ತು ಈ ಕಾಗದ ನೋಡಿ, "ಅಮ್ಮಾ, ನೋಬಡಿ ರೈಟ್ಸ್ ಲೆಟರ್ಸ್ ಲಾ" ಎಂದು ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಹೇಳಿದಳು.

ನಮ್ಮದು ಹದಿನಾಲ್ಕನೆಯ ಮಹಡಿ. ಬಾಗಿಲ ಹೊರಗಿನ ಕಾರಿಡಾರಿನಲ್ಲಿ ಕುರ್ಚಿ, ಚಪ್ಪಲಿ ಸ್ಟ್ಯಾಂಡು, ಯಾವುದನ್ನೂ ಇಡಬಾರದೆಂದು ನೋಟೀಸು ಅಂಟಿಸಿದ್ದಾರೆ. ಅದನ್ನು ಓದಿದ ದಿನವೇ ಚೌರಾಸ್ತಾ ಮಾರುಕಟ್ಟೆಯ ಮಹಡಿಯಲ್ಲಿರುವ ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಆರ್ವಿಲ್ ಪೆಂಡ್ಲಿ ಎಂಬ ಅಮೆರಿಕದ ಮುದುಕನ ಒಂಬತ್ತು ಲೇಖನಗಳು. ಮೊದಲನೆಯದು ಮನೆಯ ಮುಂದಿನ ವರಾಂಡದ ಬಗ್ಗೆ. ಏರ್ ಕಂಡೀಷನರ್ ಬಂದ ಮೇಲೆ ಜನ ವರಾಂಡ ಬಿಟ್ಟು ಒಳಗೆ ಸೇರಿದರು, ಅಲ್ಲಿಗೆ ಊರು ಸತ್ತಿತು ಎನ್ನುತ್ತಾನೆ. ಓದಿ ಅತ್ತುಬಿಟ್ಟೆ. ಕೂತು ಕನ್ನಡಕ್ಕೆ ತಂದೆ. ನಿಮ್ಮ 'ನೆರೆಹೊರೆ' ಮಾಸಿಕ ಇನ್ನೂ ಬರುತ್ತಿದೆಯಲ್ಲವೇ? ಹಿಡಿಸಿದರೆ ಹಾಕಿ, ಇಲ್ಲದಿದ್ದರೆ ಬಯ್ದು ಬರೆಯಿರಿ. ಯಾರಾದರೂ ಕನ್ನಡದಲ್ಲಿ ಬಯ್ದು ಬಹಳ ದಿನವಾಯಿತು.

ನಿಮ್ಮ
ಶರಣ್ಯಾ


ದಾವಣಗೆರೆ
9 ಮಾರ್ಚ್ 2024

ಚಿ. ಸೌ. ಶರಣ್ಯಾಳಿಗೆ ಆಶೀರ್ವಾದಗಳು.

ನಿನ್ನ ಲಕೋಟೆಯ ಮೇಲಿನ ಹಕ್ಕಿಯ ಅಂಚೆಚೀಟಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ರತ್ನ ಇದ್ದಿದ್ದರೆ ಅವಳ ಪೆಟ್ಟಿಗೆಗೆ ಹೋಗುತ್ತಿತ್ತು. ಅವಳು ಹೋಗಿ ಎರಡು ವರ್ಷವಾಯಿತು, ನಿನಗೆ ಯಾರೂ ತಿಳಿಸಿರಲಾರರು. ಮಕ್ಕಳಿಲ್ಲದ ಮನೆಯಲ್ಲಿ ಈಗ ನಾನು ಮತ್ತು ಪತ್ರಿಕೆ. ನನಗೆ ಅದು, ಅದಕ್ಕೆ ನಾನು.

ಲೇಖನ ಬಂಗಾರ. ಆದರೆ ನಿನ್ನ ಅನುವಾದ ಒಣಕಲು. ವರಾಂಡ, ಟೆನೆಸಿ, ಲೆಮನೇಡು! ನಮ್ಮ ಓದುಗ ಎರಡನೆಯ ಸಾಲಿಗೇ ಮಗ್ಗುಲು ಬದಲಿಸುತ್ತಾನೆ. ಅನುವಾದ ಬೇಡ, ರೂಪಾಂತರ ಮಾಡು. ಹಿಂದಿನವರು ಇಂಗ್ಲಿಷ್ ನಾಟಕಗಳನ್ನು ಹೇಗೆ ತಂದರು? ರಾಜನ ಹೆಸರು ನಮ್ಮದು, ಊರು ನಮ್ಮದು, ಹಬ್ಬ ನಮ್ಮದು. ನೋಡಿದವನಿಗೆ ಅದು ಬೇರೆ ಕಡೆಯದೆಂಬ ಅನುಮಾನವೂ ಬರಬಾರದು. ವರಾಂಡವನ್ನು ನಾನೇ 'ಕಟ್ಟೆ' ಮಾಡಿದ್ದೇನೆ. ಲೆಮನೇಡು ಮಜ್ಜಿಗೆಯಾಯಿತು, ಚರ್ಚು ಹನುಮಪ್ಪನ ಗುಡಿಯಾಯಿತು. ಕೊನೆಗೆ ಒಂದು ಸಾಲನ್ನೂ ಸೇರಿಸಿದೆ: "ಯಾರ ಮನೆಯ ಮುಂದಿದ್ದರೂ ಕಟ್ಟೆ ಎಲ್ಲರದು." ಪೆಂಡ್ಲಿಯ ಹೆಸರು ಅಡಿಯಲ್ಲಿ ಸಣ್ಣಕ್ಷರದಲ್ಲಿದೆ. ರೂಪಾಂತರ: ಶರಣ್ಯಾ ಪ್ರಶಾಂತ, ಪೆನಾಂಗ್.

ಅಚ್ಚಾದ ವಾರದಲ್ಲೇ ಒಬ್ಬರು ಬಂದು, "ಈ ಲೇಖಕರು ಹರಪನಹಳ್ಳಿ ಕಡೇರಾ ಸರ್? ನಮ್ಮಪ್ಪನ ಕಟ್ಟೇನ ಕಣ್ಣಾರೆ ಕಂಡೋರು ಬರ್ದಂಗೈತಿ" ಎಂದರು. ನೋಡು, ರೂಪಾಂತರವೆಂದರೆ ಇದು!

ಪತ್ರಿಕೆ ಹಂಚುವ ಕೆಲಸಕ್ಕೆ ಈಗ ಜೊತೆ ಸಿಕ್ಕಿದೆ. ಕೆಳಗಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಆತ ಟೈಲ್ಸ್ ಕೂರಿಸುವವ, ಬಂಗಾಳದ ಮಾಲ್ದಾ ಕಡೆಯವನು. ಹೆಂಡತಿ ಜರೀನಾ, ಕಂಕುಳಲ್ಲಿ ಒಂದು ಕೂಸು. ಅವಳಿಗೆ ಕನ್ನಡ ಓದಲು ಬಾರದು, ಆದರೂ ತಿಂಗಳಿಗೊಮ್ಮೆ ಮೇಲೆ ಬಂದು ವಿಳಾಸದ ಚೀಟಿಗಳನ್ನು ಒಂದೂ ಸೊಟ್ಟಗಾಗದಂತೆ ಅಂಟಿಸುತ್ತಾಳೆ. 'ನೆರೆಹೊರೆ' ಎಂಬ ತಲೆಬರಹದ ಚಿತ್ರ ಅವಳಿಗೆ ಬಾಯಿಪಾಠ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಬಿಟ್ಟಿದ್ದನ್ನು ಕಂಡು, "ಸರ್, ನಮ್ದು ಪುಸ್ತಕ ಅಲ್ಲಿ ಐತೆ!" ಎಂದು ಓಡಿಬಂದು ಹೇಳಿದಳು.

ಎರಡನೆಯ ಲೇಖನ ಬೇಗ ಕಳಿಸು. ಕಾಗದಕ್ಕೆ ಕಾಯುವ ಅಭ್ಯಾಸ ತಪ್ಪಿಹೋಗಿತ್ತು. ಈಗ ಮತ್ತೆ ಹತ್ತು ಗಂಟೆಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದೇನೆ.

ದಾಮೋದರ


ಬಯಾನ್ ಲೆಪಾಸ್
2 ಜೂನ್ 2024

ಪ್ರೀತಿಯ ಸರ್,

ಇದರೊಂದಿಗೆ ಐದು ಮತ್ತು ಆರನೆಯ ಲೇಖನಗಳಿವೆ. ಈ ನಾಲ್ಕು ತಿಂಗಳು ನಾನು ಈ ಮನೆಯಲ್ಲಿ ಒಬ್ಬಳೇ ಇದ್ದೇನೆಂದು ಅನ್ನಿಸಿದ್ದು ಕಡಿಮೆ. ಬೆಳಿಗ್ಗೆ ಇಬ್ಬರೂ ಹೊರಟ ಮೇಲೆ ಪೆಂಡ್ಲಿಯ ಊರನ್ನು ಒಂದೊಂದಾಗಿ ಕಿತ್ತು ನಮ್ಮೂರಿನಲ್ಲಿ ನೆಡುತ್ತೇನೆ. ಅವನ ಊರಿನ ಅಂಗಡಿಯನ್ನು ನುಂಗಿದ ದೊಡ್ಡ ಕಂಪನಿ ನಮ್ಮಲ್ಲಿ ಮಾಲ್ ಆಯಿತು. ದೂರದ ಮರುಭೂಮಿಯಲ್ಲಿ ಸರ್ಕಾರದ ಹಟಕ್ಕೆ ಸತ್ತ ಹುಡುಗನ ತಾಯಿಯ ಬಗ್ಗೆಯೂ ಒಂದು ಲೇಖನವಿದೆ. ಆ ತಾಯಿಯನ್ನು ನಮ್ಮ ರಾಣೆಬೆನ್ನೂರಿನವಳಾಗಿಸಿದೆ. ಪ್ರತಿಯೊಂದಕ್ಕೂ ನಮ್ಮಲ್ಲಿ ಸರಿಯಾದ ಜಾಗ ಕಾದು ಕೂತಿತ್ತು ಸರ್.

ಏಳನೆಯದಕ್ಕೆ ಬಂದು ನಿಂತಿದ್ದೇನೆ. ಅದು ಹೊರಗಿನಿಂದ ಬಂದವರ ಬಗ್ಗೆ. ಅದೇ ಇಂಪಾದ ದನಿ, ಅದೇ ಅಜ್ಜನ ನಿಧಾನ. ಆದರೆ ದೇಶವೆಂದರೆ ರಕ್ತ ಮತ್ತು ಸಮಾಧಿ ಎನ್ನುತ್ತಾನೆ. ಬಂದವರು ಎಷ್ಟು ಒಳ್ಳೆಯವರಾದರೂ ಲೆಕ್ಕಕ್ಕಿಲ್ಲ ಎನ್ನುತ್ತಾನೆ. ಯಾರಪ್ಪಾ ಈ ಮನುಷ್ಯ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಂದು ಸಮ್ಮೇಳನದ ವಿಡಿಯೋ ಸಿಕ್ಕಿತು. ಪೆಂಡ್ಲಿಯನ್ನು ವೇದಿಕೆಯ ನಡುವೆ ಕೂರಿಸಿದ್ದಾರೆ. ಸುತ್ತ ಕೋಟು ಟೈ ಹಾಕಿದ ಹುಡುಗರು. ಬಿಳಿಯರ ದೇಶ ಬಿಳಿಯರಿಗೆ, ಅಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ ಮಿಕ್ಕವರನ್ನು ಕಳಿಸಿಬಿಡಬೇಕು ಎಂದು ಒಬ್ಬ ಹೇಳಿದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುದುಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಲೋಟದ ನೀರು ಕುಡಿದ.

ಕಳೆದ ವಾರ ವಲಸೆ ಕಚೇರಿಯಲ್ಲಿ ನಮ್ಮ ವೀಸಾ ಪಾಸಿನ ನವೀಕರಣಕ್ಕೆ ಕಾಯುತ್ತ ಕೂತಿದ್ದಾಗ ಈ ಲೇಖನ ಕೈಯಲ್ಲಿತ್ತು. ಮುಚ್ಚಿ ಬ್ಯಾಗಿನೊಳಗೆ ಹಾಕಿದೆ. ಏಳನೆಯದನ್ನು ಬಿಟ್ಟು ಎಂಟಕ್ಕೆ ಹೋಗಲೇ?

ಶರಣ್ಯಾ


ದಾವಣಗೆರೆ
30 ಜೂನ್ 2024

ಚಿ. ಸೌ. ಶರಣ್ಯಾ,

ಹೆದರುಪುಕ್ಕಲಿ! ತರಗತಿಯಲ್ಲಿ ಹೀಗಿರಲಿಲ್ಲ ನೀನು.

ಇವರ ಪಂಥದ ಹೆಸರು ಕೇಳು: ಪೇಲಿಯೋಕನ್ಸರ್ವೇಟಿವ್. ಅಂದರೆ ಹಳೆಯ ಬೇರಿನ ಸಂಪ್ರದಾಯವಾದಿಗಳು. ಅಮೆರಿಕದ ಬಲಪಂಥದೊಳಗೇ ಒಂದು ಜಗಳವಾಯಿತು. ಪ್ರಪಂಚದ ಮೇಲೆಲ್ಲ ಯುದ್ಧ ಮಾಡಿ ಪ್ರಜಾಪ್ರಭುತ್ವ ಹಂಚುತ್ತೇವೆ, ಮಾರುಕಟ್ಟೆ ತೆರೆಯುತ್ತೇವೆ ಎಂದವರು ಒಂದು ಕಡೆ. ಯುದ್ಧವೂ ಬೇಡ, ಜಾಗತಿಕ ವ್ಯಾಪಾರವೂ ಬೇಡ, ನಮ್ಮೂರು ನಮ್ಮ ಮನೆ ಉಳಿದರೆ ಸಾಕು ಎಂದವರು ಇನ್ನೊಂದು ಕಡೆ. ಪೆಂಡ್ಲಿ ಎರಡನೆಯ ಗುಂಪು. ನಾನು ಮೂವತ್ತು ವರ್ಷ ಪಾಠದಲ್ಲಿ ಹೇಳಿದ್ದೂ ಇದನ್ನೇ ಅಲ್ಲವೇ? ಅವನ ಬೆನ್ನಿಗೆ ನಾಲ್ಕು ಪುಂಡರು ನಿಂತರೆ ಅವನೇನು ಮಾಡಬೇಕು? ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಿ ಹಾಕು. ಮೊರವನ್ನೇ ಎಸೆಯುತ್ತಾರೆಯೇ?

ಒಂದು ಸಂತೋಷದ ಸುದ್ದಿ. ನಿತ್ಯಾನಂದ ಎಂಬ ತರುಣ ಬಂದಿದ್ದ. ನೆಲಮೂಲ ವೇದಿಕೆ ಎಂದು ಕಟ್ಟಿಕೊಂಡಿದ್ದಾನೆ. ಬಲು ವಿನಯವಂತ, ಕಾಲು ಮುಟ್ಟಿ ನಮಸ್ಕರಿಸಿದ. ಎಲ್ಲ ಲೇಖನಗಳನ್ನೂ ಪುಸ್ತಕವಾಗಿ ತರುತ್ತಾನಂತೆ. ಇಷ್ಟು ವರ್ಷ ಕೂಗಿದ್ದಕ್ಕೆ ಈಗ ಯಾರೋ ಓಗೊಟ್ಟಹಾಗಾಯಿತು. ರತ್ನ ಹೋದ ಮೇಲೆ ನಾನು ಯಾವುದನ್ನೂ ಇಷ್ಟು ಬಯಸಿಲ್ಲ ಕಣಮ್ಮಾ. ಏಳನೆಯದು ಇರಲೇಬೇಕು ಎಂಬುದೊಂದೇ ಅವನ ಷರತ್ತು.

ಆದ್ದರಿಂದ ಅದನ್ನೂ ರೂಪಾಂತರ ಮಾಡು. ಅವನ ಕಥೆಯಲ್ಲಿ ಗಡಿ ದಾಟಿ ಬಂದ ಕೂಲಿಗಳಿದ್ದರೆ, ನಮ್ಮ ಕಡೆ ಯಾರು ಹೊಂದುತ್ತಾರೋ ಅವರನ್ನು ಆ ಜಾಗದಲ್ಲಿಡು. ಯಾರೂ ಹೊಳೆಯದಿದ್ದರೆ ಜಾಗ ಖಾಲಿ ಬಿಡು, ನಾನು ತುಂಬುತ್ತೇನೆ.

ನನ್ನ ಬಲಗಣ್ಣು ಮಸುಕಾಗುತ್ತಿದೆ. ಎಡಗಣ್ಣು ಮೊದಲೇ ಲೆಕ್ಕಕ್ಕಿಲ್ಲ. ಡಾಕ್ಟರು ಒಳಪರದೆಯ ಆಪರೇಷನ್ ಅನ್ನುತ್ತಿದ್ದಾರೆ. ಹಾಗಾಗಿ ದೊಡ್ಡಕ್ಷರದಲ್ಲಿ ಬರೆ.

ದಾಮೋದರ


ಬಯಾನ್ ಲೆಪಾಸ್
15 ಸೆಪ್ಟೆಂಬರ್ 2024

ಸರ್,

ಇಷ್ಟು ದಿನ ಬರೆಯಲಿಲ್ಲ. ನೀವು ಗೇಟಿನ ಹತ್ತಿರ ನಿಂತಿರುತ್ತೀರಿ ಎಂದು ಗೊತ್ತಿದ್ದೂ ಬರೆಯಲಿಲ್ಲ. ಬರೆದರೆ ಇಲ್ಲ ಎನ್ನಬೇಕಾಗುತ್ತಿತ್ತು. ಇಲ್ಲ ಎಂದರೆ ನಿಮ್ಮ ಕಾಗದ ನಿಂತುಹೋಗಬಹುದೆಂದು ಹೆದರಿದೆ. ನನ್ನ ಹೆಸರು ಕನ್ನಡದಲ್ಲಿ ಬರೆದಿರುವ ವಸ್ತು ಈ ಮನೆಗೆ ಬರುವುದು ಅದೊಂದೇ.

ನೀವು ಹೇಳಿದಂತೆ ಕಲ್ಲು ಆರಿಸಲು ಕೂತೆ. ರಕ್ತದ ಮಾತು ತೆಗೆದೆ, ಸಮಾಧಿಯ ಮಾತು ತೆಗೆದೆ, ಬಂದವರ ಮಕ್ಕಳ ಮಾತು ತೆಗೆದೆ. ತೆಗೆಯುತ್ತ ಹೋದರೆ ಮೊರದಲ್ಲಿ ಅಕ್ಕಿಯೇ ಉಳಿಯಲಿಲ್ಲ. ಜಾಗವನ್ನು ಖಾಲಿ ಬಿಟ್ಟು ನೋಡಿದೆ. ಯಾರೂ ಇಲ್ಲದಿದ್ದರೆ ಈ ಲೇಖನ ಉಸಿರಾಡುವುದಿಲ್ಲ ಸರ್. ಕಟ್ಟೆಗೆ ಕಟ್ಟೆ ಸಿಕ್ಕಿತು, ಗುಡಿಗೆ ಗುಡಿ ಸಿಕ್ಕಿತು. ಇದಕ್ಕೆ ಒಬ್ಬ ಮನುಷ್ಯ ಬೇಕು. ಯಾರನ್ನು ಕೂರಿಸಲಿ?

ಕೊನೆಗೆ ಕೂರಿಸಿದ್ದೇನೆ. ನಿಮ್ಮ ಪದ್ಧತಿಯಂತೆ ಊರು, ಹೆಸರು, ಊಟ ಬದಲಿಸಿದ್ದೇನೆ. ಉಳಿದದ್ದು ಪೆಂಡ್ಲಿ ಬರೆದದ್ದೇ. ಇದರೊಂದಿಗಿದೆ. ಆದರೂ ಈ ಭಾಗವನ್ನು ಇಲ್ಲೇ ದೊಡ್ಡಕ್ಷರದಲ್ಲಿ ಬರೆಯುತ್ತೇನೆ, ಕಣ್ಣಿಗೆ ಶ್ರಮವಾಗದಿರಲಿ:

"ಹದಿನಾಲ್ಕನೆಯ ಮಹಡಿಯ ಹೆಂಗಸು ಒಳ್ಳೆಯವಳೇ ಇರಬಹುದು. ಪ್ರಶ್ನೆ ಅದಲ್ಲ. ಅವಳ ಒಗ್ಗರಣೆಯ ವಾಸನೆ ಈ ದ್ವೀಪದ್ದಲ್ಲ. ಅವಳ ಮಗಳು ನಮ್ಮ ಮಕ್ಕಳ ಹಾಗೆಯೇ ಮಾತಾಡುತ್ತಾಳೆ; ಆದರೆ ಮಾತು ಕಲಿತವರೆಲ್ಲ ಮನೆಯವರಾಗುವುದಿಲ್ಲ. ಅವಳ ಅಜ್ಜನ ಸಮಾಧಿ ಈ ನೆಲದಲ್ಲಿಲ್ಲ. ದೇಶವೆಂದರೆ ಛತ್ರವಲ್ಲ. ಅವಳನ್ನು ದ್ವೇಷಿಸಬೇಕಾಗಿಲ್ಲ. ಸಭ್ಯವಾಗಿ ಬಾಗಿಲು ತೋರಿಸಿದರೆ ಸಾಕು, ಅವಳಿಗೇ ಅರ್ಥವಾಗುತ್ತದೆ."

ಓದಿ ಏನನ್ನಿಸಿತೆಂದು ಬರೆಯಿರಿ. ಕಾಯುತ್ತಿರುತ್ತೇನೆ.

ಶರಣ್ಯಾ


ದಾವಣಗೆರೆ
12 ಅಕ್ಟೋಬರ್ 2024

ಮಗಳೇ,

ಭೂತಗನ್ನಡಿ ಹಿಡಿದು ಓದಿದೆ. ಎರಡು ಸಲ ಓದಿದೆ. ಊಟ ಸೇರಲಿಲ್ಲ.

ನಿನಗೆ ಹೀಗೆಂದವರು ಯಾರು? ಯಾವನವನು? ನಿನ್ನ ಒಗ್ಗರಣೆಯ ವಾಸನೆಯ ಸುದ್ದಿ ಅವನಿಗೇಕೆ? ಬಾಡಿಗೆ ಕೊಡುವುದಿಲ್ಲವೇ, ಗಂಡ ದುಡಿಯುವುದಿಲ್ಲವೇ, ಮಗು ಶಾಲೆಗೆ ಹೋಗುವುದಿಲ್ಲವೇ? "ಅಜ್ಜನ ಸಮಾಧಿ" ಅಂತೆ! ಮನುಷ್ಯರಾದವರು ಆಡುವ ಮಾತೇ ಇದು? ಇಷ್ಟೆಲ್ಲ ಅನುಭವಿಸುತ್ತ ನನಗೆ ಒಂದು ಮಾತೂ ಹೇಳದೆ, ರೂಪಾಂತರದ ನೆಪದಲ್ಲಿ ತೋಡಿಕೊಂಡೆಯಲ್ಲ. ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ ಬರೆಯಲೇ? ಸಾಕಾಗಿದ್ದರೆ ಮಗುವನ್ನು ಕರೆದುಕೊಂಡು ಬಂದುಬಿಡು. ಮೇಲಿನ ಕೋಣೆ ಖಾಲಿ ಇದೆ.

ಇದನ್ನು ಅಚ್ಚು ಮಾಡುವುದು ಸಾಧ್ಯವಿಲ್ಲ. ನಿನ್ನ ನೋವನ್ನು ಬೀದಿಗಿಡಲಾರೆ. ಅಲ್ಲದೆ ನಿನ್ನದು ತಡವಾಯಿತೆಂದು ನಿತ್ಯಾನಂದನೇ ಏಳನೆಯದನ್ನು ಇಂಗ್ಲಿಷಿನಿಂದ ಮಾಡಿಬಿಟ್ಟಿದ್ದಾನೆ. ಸದ್ಯಕ್ಕೆ ಏಳು ಲೇಖನಗಳದು, ನಮ್ಮ ತಲೆಬರಹದಡಿ ಕಿರುಪುಸ್ತಕ, ರಾಜ್ಯೋತ್ಸವದ ತಿಂಗಳಲ್ಲಿ ಬಿಡುಗಡೆ. ಸರಣಿ ನಿನ್ನದಾದ್ದರಿಂದ ನಿನ್ನ ಹೆಸರೇ ಇರುತ್ತದೆ. ನನಗೆ ಓದಿ ಹೇಳಿದ. ಯಾರ ಹೆಸರೂ ಇಲ್ಲ, 'ಪೂರ್ವದಿಂದ ಕೆಲಸಕ್ಕೆ ಬಂದವರು' ಎಂದಷ್ಟೇ ಇದೆ. ಅದು ವ್ಯಕ್ತಿಗಳ ಮಾತಲ್ಲ, ತತ್ವದ ಮಾತು.

ನಾಡಿದ್ದು ಆಪರೇಷನ್. ಆಮೇಲೆ ವಾರಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕಂತೆ. ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಲು ಯಾರು ಬರುತ್ತಾರೆಂದು ಚಿಂತೆಯಾಗಿತ್ತು. ಜರೀನಾ ತಾನಾಗಿ, "ನಾನು ಹಾಕ್ತೆ ಸರ್, ನಮ್ದು ಅಪ್ಪಂಗೆ ಭೀ ಹಾಕಿದ್ದೆ" ಎಂದಳು. ಪುಣ್ಯಾತ್ಗಿತ್ತಿ.

ಧೈರ್ಯವಾಗಿರು.
ದಾಮೋದರ


ಬಯಾನ್ ಲೆಪಾಸ್
29 ಅಕ್ಟೋಬರ್ 2024

ಸರ್,

ನನಗೆ ಯಾರೂ ಏನೂ ಅಂದಿಲ್ಲ. ಎದುರುಮನೆಯ ತಮಿಳು ಆಂಟಿ ಕರಿಬೇವು ಕೊಡುತ್ತಾರೆ. ಪಕ್ಕದ ಮಲಾಯ್ ಮನೆಯವರು ರಂಜಾನ್ ಹಬ್ಬಕ್ಕೆ ತಿಂಡಿಯ ಡಬ್ಬಿ ಕಳಿಸುತ್ತಾರೆ. ಆ ಮಾತುಗಳು ಪೆಂಡ್ಲಿಯವು ಸರ್. ಏಳನೆಯ ಲೇಖನದ ಮಾತುಗಳು. ನೀವು ಅಕ್ಕಿ ಎಂದದ್ದು ಅದನ್ನೇ. ನಾನು ಮಾಡಿದ್ದು ಬರೀ ರೂಪಾಂತರ.

ನೀವು ಊಟ ಬಿಟ್ಟಿರಿ ಎಂದು ಓದಿ ನಾನು ಅತ್ತೆ. ನನಗಾಗಿ ಯಾರಾದರೂ ಇಷ್ಟು ಸಿಟ್ಟಾಗಿ ಎಷ್ಟು ಕಾಲವಾಯಿತು! ಅದನ್ನು ಹಾಗೇ ಇಟ್ಟುಕೊಂಡು ಸುಮ್ಮನಿರಬೇಕೆನ್ನಿಸಿತು. ಸುಳ್ಳೇ ಆದರೂ ಬೆಚ್ಚಗಿತ್ತು.

ಇನ್ನೊಂದನ್ನೂ ಹೇಳಬೇಕು. ನಿಮ್ಮ ಕಾಗದ ಬಂದ ಸಂಜೆ ಇಲ್ಲಿಯ ಕನ್ನಡ ಮನೆಗಳ ಮಕಾನ್ ಇತ್ತು. ಎಲ್ಲರೂ ಒಂದೊಂದು ಅಡುಗೆ ತಂದು ಸೇರುತ್ತೇವೆ. ಕಸ ಗುಡಿಸುವ ಬಾಂಗ್ಲಾದ ಹೆಂಗಸರು ನಮ್ಮ ಲಿಫ್ಟ್ ಹತ್ತುತ್ತಾರೆಂದು ಮಾತು ಬಂತು. "ಈ ಫಾರಿನ್ ವರ್ಕರ್ಸ್ ಜಾಸ್ತಿ ಆಗಿಬಿಟ್ರು ಲಾ, ಹಿಂದಿನ ಲಿಫ್ಟಲ್ಲಿ ಹೋಗ್ಲಿ" ಎಂದರು ಮೈಸೂರಿನವರೊಬ್ಬರು. ಅವರ ಪಾಸ್ ಕೂಡ ನಮ್ಮಂಥದ್ದೇ. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದೆ. ಆ ಖಾಲಿ ಜಾಗದಲ್ಲಿ ನನ್ನನ್ನೇ ಕೂರಿಸಿಕೊಂಡು ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಇಲ್ಲಿ ಅದು ನನ್ನ ಜಾಗವೂ ಅಲ್ಲ, ಆ ಹೆಂಗಸರದು.

ಮತ್ತೆ ಆ ಮೊದಲನೆಯ ಲೇಖನ. "ಕಟ್ಟೆ ಎಲ್ಲರದು" ಎಂಬ ಸಾಲು ಪೆಂಡ್ಲಿಯದಲ್ಲ, ನಿಮ್ಮದು. ಯಾರ ಅಪ್ಪ ಅಲ್ಲಿ ಕೂತಿದ್ದನೋ ಅವನ ಮಗನೇ ಅಲ್ಲಿ ಕೂರಬೇಕು ಎಂದು ಅವನು ಬರೆದದ್ದು. ಆಗಲೇ ನನಗದು ಕಾಣಬೇಕಿತ್ತು. ನಾವಿಬ್ಬರೂ ಸೇರಿ ಅವನಿಗೆ ಮಜ್ಜಿಗೆ ಕುಡಿಸಿ ನಮ್ಮವನನ್ನಾಗಿ ಮಾಡಿದೆವು.

ಕಿರುಪುಸ್ತಕ ನಿಲ್ಲಿಸಿ. ಫೋನ್ ಮಾಡಿದೆ. ನಿತ್ಯಾನಂದ ಎತ್ತಿಕೊಂಡು, "ಸರ್ ರೆಸ್ಟ್ ತಗೋತಿದಾರೆ ಮೇಡಂ, ನೀವು ಅಲ್ಲಿ ಆರಾಮಾಗಿರಿ, ಇಲ್ಲಿದು ನಾವು ನೋಡ್ಕೋತೀವಿ" ಎಂದ. ಅದಕ್ಕೇ ಈ ಕಾಗದ.

ನಿಮ್ಮ ಮನೆಯ ಕೆಳಗಿರುವವರು ಯಾವ ದಿಕ್ಕಿನಿಂದ ಬಂದವರು ಸರ್?

ಶರಣ್ಯಾ


ಬಯಾನ್ ಲೆಪಾಸ್
8 ಡಿಸೆಂಬರ್ 2024

ಸರ್,

ಕಾಗದ ಸಿಕ್ಕಿತೇ? ಕಣ್ಣು ಹೇಗಿದೆ? ಫೋನ್ ಯಾರೂ ಎತ್ತುತ್ತಿಲ್ಲ. ಪ್ರತಿದಿನ ಇಳಿದುಹೋಗಿ ಅಂಚೆ ಡಬ್ಬಿ ನೋಡುತ್ತೇನೆ. ನೇಪಾಳದ ಗಾರ್ಡಿಗೆ ನಾನು ಏನನ್ನು ಹುಡುಕುತ್ತೇನೆಂದು ಗೊತ್ತಾಗಿದೆ. ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾನೆ.

ಸಿಟ್ಟಾಗಿದ್ದರೆ ಬಯ್ದಾದರೂ ಬರೆಯಿರಿ.

ಶರಣ್ಯಾ


ದಾವಣಗೆರೆ
20 ಜನವರಿ 2025

ಶರಣ್ಯಾ,

ಅಕ್ಷರಗಳು ಸಾಲು ಬಿಟ್ಟು ಓಡಿದ್ದರೆ ಹಾಗೇ ಓದಿಕೋ. ಈಗ ಬರೆಯುವಷ್ಟು ಕಾಣುತ್ತದೆ.

ನಿನ್ನ ಅಕ್ಟೋಬರಿನ ಕಾಗದ ನವೆಂಬರಿನಲ್ಲೇ ಬಂದಿತ್ತು. ನಾನು ಮುಖ ಕೆಳಗೆ ಮಾಡಿ ಮಲಗಿದ್ದೆ. ಜರೀನಾ ಅಂಚೆಚೀಟಿಯ ಹಕ್ಕಿ ನೋಡಿ ನಿನ್ನದೆಂದು ಗುರುತಿಸಿ, "ಸರ್, ಮಲೇಷಿಯಾ ಬೇಟಿ" ಎಂದು ಹೇಳಿ ರೇಡಿಯೋದ ಕೆಳಗಿಟ್ಟಳು. ಅವಳಿಗೆ ಓದಲು ಬಾರದು. ನಿತ್ಯಾನಂದನ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ನಿನ್ನ ಸಂಕಟ ನಿನ್ನದು, ನಾನೇ ಓದಬೇಕೆಂದು ಉಳಿಸಿಕೊಂಡೆ. ಹೊಸ ವರ್ಷಕ್ಕೆ ಓದಿದೆ. ಡಿಸೆಂಬರಿನದು ಬಾಗಿಲ ಸಂದಿಯಲ್ಲಿ ಬಿದ್ದಿತ್ತು.

ಬಿಡುಗಡೆ ನವೆಂಬರ್ ಕೊನೆಯ ಭಾನುವಾರ ಆಯಿತು. ನಾನು ಹೊರಗೆ ಹೋಗುವಂತಿಲ್ಲವೆಂದು ನಿತ್ಯಾನಂದ ಶಾಮಿಯಾನವನ್ನು ನಮ್ಮ ಮನೆಯ ಮುಂದಿನ ಕಟ್ಟೆಗೆ ಸೇರಿಸಿಯೇ ಹಾಕಿಸಿದ. "ಸರ್ ಮಲಗಿದ್ದಲ್ಲೇ ಕೇಳ್ಲಿ" ಎಂದ. ಕೇಳಿದೆ. ಮೊದಲು ಕಟ್ಟೆಯ ಲೇಖನ ಓದಿದರು. ಆಮೇಲೆ ಏಳನೆಯದು. ಮಲಗಿದ್ದಲ್ಲಿಂದ ನೆಲದ ಟೈಲ್ಸ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದನ್ನು ಕೂರಿಸಿದವನು ಜರೀನಾಳ ಗಂಡನೇ. "ಅವರು ಒಳ್ಳೆಯವರೇ ಇರಬಹುದು, ಪ್ರಶ್ನೆ ಅದಲ್ಲ" ಎಂದು ಮೈಕಿನಲ್ಲಿ ಬಂದಾಗ ನಿನ್ನ ಹದಿನಾಲ್ಕನೆಯ ಮಹಡಿ ನೆನಪಾಯಿತು. ಅದೇ ಮಾತು. ಅದೇ ದನಿ. ನನ್ನ ಪತ್ರಿಕೆಯ ಕನ್ನಡ. ಏಳಲು ನೋಡಿದೆ, ತಲೆ ಸುತ್ತಿ ಬಿದ್ದೆ. ಕೂಗಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಗಂಡಹೆಂಡಿರಿಗೆ ಯಾರೂ ಹೊಡೆಯಲಿಲ್ಲ. ಸಭ್ಯವಾಗಿಯೇ ಇದ್ದರು. ಸಭೆ ಮುಗಿದ ಮೇಲೆ ಕಾಗದಪತ್ರ ತೋರಿಸು ಎಂದು ವೇದಿಕೆಯ ನಾಲ್ಕು ಹುಡುಗರು ಜರೀನಾಳ ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದರು. ಅವನು ತೋರಿಸಿದ. ಎಲ್ಲ ಸರಿಯಾಗಿತ್ತು, ಆದರೂ ನಕ್ಕರು. ಬೆಳಗಾಗುವಾಗ ಅವರು ಗಂಟು ಕಟ್ಟಿದ್ದರು. ನಾನು ಮನೆಯ ಯಜಮಾನ, ಇರಿ ಎಂದು ಬೇಡಿಕೊಂಡೆ. "ಸರ್, ನೀವು ಒಳ್ಳೇವ್ರು" ಎಂದಳು ಜರೀನಾ. ಕಣ್ಣಿಗೆ ಹನಿ ಹಾಕಿ, ಬೀಗದ ಕೈಯನ್ನು ಶೀಶೆಯ ಪಕ್ಕ ಇಟ್ಟು ಹೋದಳು. ಎಲ್ಲಿಗೆಂದು ಹೇಳಲಿಲ್ಲ. ಈಗ ನಾನೇ ಹಾಕಿಕೊಳ್ಳುತ್ತೇನೆ. ಅರ್ಧ ಕೆನ್ನೆಯ ಮೇಲೆ ಹೋಗುತ್ತದೆ.

ನಿತ್ಯಾನಂದ ಶಾಲು, ಹಣ್ಣಿನ ಬುಟ್ಟಿ ತಂದಿದ್ದ. ಎಲ್ಲ ಪ್ರತಿಗಳೂ ಖರ್ಚಾದವಂತೆ. ಬಾಗಿಲು ತೆಗೆಯಲಿಲ್ಲ. 'ನೆರೆಹೊರೆ'ಯನ್ನು ನಿಲ್ಲಿಸಿದ್ದೇನೆ. ಕೊನೆಯ ಸಂಚಿಕೆಯೆಂದು ಎರಡೇ ಪುಟ ತರುತ್ತೇನೆ. ಅದರಲ್ಲಿ ನಿನ್ನ ಏಳನೆಯ ಲೇಖನ, ನೀನು ಬರೆದಂತೆಯೇ, ಅದರ ಕೆಳಗೆ ಇಲ್ಲಿ ನಡೆದದ್ದು, ನನ್ನ ಹೆಸರಿನಲ್ಲಿ. ವಿಳಾಸದ ಚೀಟಿಗಳನ್ನು ನಾನೇ ಅಂಟಿಸಬೇಕು, ಎಲ್ಲ ಸೊಟ್ಟಗೆ ಬರುತ್ತವೆ. ನೀನು ಬರೆಯುವುದನ್ನು ಮಾತ್ರ ನಿಲ್ಲಿಸಬೇಡ. ಬಯ್ದಾದರೂ ಬರೆ.

ಒಂದು ಮಾತನ್ನು ಅಲ್ಲಿ ಬರೆಯಲಾರೆ, ನಿನಗೆ ಹೇಳುತ್ತೇನೆ. ಆ ಭಾನುವಾರ ಓದು ಶುರುವಾದಾಗ ಜರೀನಾ ಮೇಲೆ ಬಂದು ನನ್ನ ಕಣ್ಣಿಗೆ ಹನಿ ಹಾಕುತ್ತಿದ್ದಳು. ಕಿಟಕಿಯಿಂದ ಬ್ಯಾನರಿನ ಮೇಲೆ ನಮ್ಮ ತಲೆಬರಹ ಅವಳಿಗೆ ಕಂಡಿತು. ಎಷ್ಟು ಹಿಗ್ಗಿದಳೆಂದರೆ ಶೀಶೆಯ ಮುಚ್ಚಳ ಕೈಜಾರಿ ಬಿತ್ತು.

"ಸರ್, ನಮ್ದು ಪುಸ್ತಕ! ಏನು ಓದ್ತಾ ಅವ್ರು?"

"ಶರಣ್ಯಾ ಬರ್ದಿದ್ದವ್ವ," ಎಂದೆ.

"ಮಲೇಷಿಯಾ ಬೇಟಿ? ನಾನು ಭೀ ಕೇಳ್ಲಾ ಸರ್?"

"ಹೋಗವ್ವ," ಎಂದೆ ನಾನು. "ಕೂಸನ್ನೂ ಕರ್ಕೊಂಡು ಹೋಗು. ಕಟ್ಟೆ ಮ್ಯಾಲೆ ಮುಂದೇನೇ ಕುಂತ್ಕೋ. ಅದು ಎಲ್ಲರದು."

ದಾಮೋದರ